ಆಕಳಿಕೆ

“ಆಕಳಿಕೆ ಅಲ್ಲಕ್ಕಾ ಅದು. ಕಿರುಚ್ತಾ ಇದೆ,” ಎಂದಳು ಲುವಿಮಿಂದಾ, ಕೈಯಲ್ಲಿದ್ದ ಪುಟ್ಟ ಯಂತ್ರದ ಪೆಟ್ಟಿಗೆ ತೋರಿಸುತ್ತ.

ತಿಯೋಪಿಸ್ತಾ ನಕ್ಕುಬಿಟ್ಟಳು. ಫಿಲಿಪೀನ್ಸಿನ ಲೊಬೊಕ್ ರಸ್ತೆಯ ಈ ತೋಟದಲ್ಲಿ ಹನ್ನೊಂದು ವರ್ಷದಿಂದ ಮಾವ್ಮಗ್ ಎಂಬ ಪುಟ್ಟ ಕಾಡುಪ್ರಾಣಿಗಳನ್ನು ನೋಡಿಕೊಳ್ಳುತ್ತಿದ್ದವಳು ಅವಳೇ. ಬಾಗಿಲ ಫಲಕದಲ್ಲಿ ಪ್ರವಾಸಿಗರಿಗಾಗಿ ಅವುಗಳ ಇಂಗ್ಲಿಷ್ ಹೆಸರು, ಟಾರ್ಸಿಯರ್ ಎಂದು ಬರೆದಿತ್ತು. ಮುಷ್ಟಿಯಲ್ಲಿ ಹಿಡಿಸುವ ಮೈ, ಮುಖದ ತುಂಬ ಕಣ್ಣು. ಹಗಲೆಲ್ಲ ಎಲೆಮರೆಯಲ್ಲಿ ಕೊಂಬೆ ತಬ್ಬಿ ಕೂರುವ ಅವನ್ನು ಬೆಳಿಗ್ಗೆಯೇ ಹುಡುಕಿಟ್ಟುಕೊಂಡು ಬಸ್ಸಿನಲ್ಲಿ ಬಂದವರಿಗೆ ತೋರಿಸಬೇಕು. ಜನ ಹತ್ತಿರ ಹೋದರೆ ಪ್ರಾಣಿ ಸದ್ದಿಲ್ಲದೆ ಬಾಯಿ ಅಗಲಿಸುತ್ತಿತ್ತು. ತಿಯೋಪಿಸ್ತಾ ತಾನೂ ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸಿ, “ರಾತ್ರಿಯೆಲ್ಲ ಡ್ಯೂಟಿ ಮಾಡಿ ಬಂದಿದಾಳೆ, ಪಾಪ!” ಅನ್ನುವಳು. ಜನ ಹೊಟ್ಟೆ ಹಿಡಿದುಕೊಂಡು ನಗುವರು.

“ಸದ್ದೇ ಇಲ್ವಲ್ಲೇ, ಕಿರುಚೋದು ಹೆಂಗೆ?”

“ನಮ್ಮ ಕಿವಿಗೆ ಎಟುಕದಷ್ಟು ಕೀರಲು ದನಿ. ಈ ಪೆಟ್ಟಿಗೆ ಅದನ್ನ ತಗ್ಗಿಸಿ ಕೇಳಿಸುತ್ತೆ. ನೀವೇ ಕೇಳಿ.” ತಗ್ಬಿಲರಾನ್ ಪಟ್ಟಣದ ಕಾಲೇಜಿನಿಂದ ಪ್ರಾಣಿಗಳ ದನಿ ದಾಖಲಿಸಲು ಬಂದಿದ್ದ ಆ ಹುಡುಗಿ ತನ್ನ ಇಯರ್‌ಫೋನ್ ತೆಗೆದು ಅವಳ ಕಿವಿಗೆ ಸಿಕ್ಕಿಸಿದಳು.

ಮೊದಲು ಬರೀ ಗಾಳಿ. ತಿಯೋಪಿಸ್ತಾ ದಿನದಂತೆ ಮುಂದೆ ಹೋಗಿ ಎಲೆ ಸರಿಸಿದಳು. ಹೊಟ್ಟೆಗೆ ಮರಿ ಅಂಟಿಸಿಕೊಂಡಿದ್ದ ತಾಯಿ ಬಾಯಿ ತೆರೆಯಿತು. ಕಿವಿಯೊಳಗೆ ತಂತಿ ಎಳೆದಂಥ ಕೂಗು. ಹಿಂದೆ ಸರಿದಳು, ಕೂಗು ನಿಂತಿತು. ಮತ್ತೆ ಹೆಜ್ಜೆಯಿಟ್ಟಳು, ಮತ್ತೆ ಕೂಗು. ಮೂರನೆಯ ಸಲಕ್ಕೆ ಧೈರ್ಯ ಬರಲಿಲ್ಲ.

ಅಲ್ಲಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗುಡಿಸಿದ ದಾರಿಯನ್ನೇ ಮತ್ತೆ ಗುಡಿಸಿದಳು. ಊಟದ ಡಬ್ಬಿ ತೆರೆದು, ಒಣಮೀನು ಮುರಿದು, ಹಾಗೇ ಮುಚ್ಚಿದಳು. ಹನ್ನೊಂದು ವರ್ಷ. ದಿನಕ್ಕೆ ಎಷ್ಟು ಬಸ್ಸು?

ಮಧ್ಯಾಹ್ನ ಕೊರಿಯಾದವರ ಬಸ್ಸು ಬಂತು. ತೋಟದ ಯಜಮಾನ ಅನಿಸೆತೊ ಅವಳ ಮೈದುನ. ಗಂಡ ತೀರಿಕೊಂಡ ತಿಂಗಳಲ್ಲೇ ಕರೆದು ಈ ಕೆಲಸ ಕೊಟ್ಟವನು. ತಾನೇ ನಗುನಗುತ್ತ ಜನರನ್ನು ಕರೆತಂದ.

“ಅತ್ತಿಗೆ, ಮರಿ ಇರೋಳನ್ನ ತೋರಿಸಿ.”

“ಇವತ್ತು ಕಾಣ್ತಿಲ್ಲ.”

“ಬೆಳಿಗ್ಗೆ ನಾನೇ ನೋಡಿದೀನಿ, ಸರೀರಿ!” ಎಂದು ಅವನು ಕೊಂಬೆ ಬಗ್ಗಿಸಿದ. ತಾಯಿ ಬಾಯಿ ಅಗಲಿಸಿತು. ಇಪ್ಪತ್ತು ಫೋನುಗಳು ಮೇಲೆದ್ದವು. “ಹೂಂ, ಆಕಳಿಸಿ ಅತ್ತಿಗೆ!”

ತಿಯೋಪಿಸ್ತಾಳ ಕೈ ರೂಢಿಯಂತೆ ಬಾಯಿಯವರೆಗೆ ಬಂತು. ಅಲ್ಲಿಂದ ಇಳಿಯಿತು.

“ನಿದ್ದೆ ಅಲ್ಲ,” ಎಂದಳು, ಬಂದವರಿಗೆ ತಿಳಿಯುವ ಹರಕುಮುರುಕು ಇಂಗ್ಲಿಷಿನಲ್ಲಿ. “ಹೆದರಿ ಕಿರುಚ್ತಿದೆ. ನಾವು ಹತ್ತಿರ ಬಂದ್ವಿ ಅಂತ. ಇಷ್ಟು ವರ್ಷ ನಾನು ಸುಳ್ಳು ಹೇಳಿದೆ.”

ನಗುತ್ತಿದ್ದ ಒಬ್ಬಾಕೆ ಫೋನು ಕೆಳಗಿಳಿಸಿದಳು. ಕೆಲವರು ಮುಖ ಮುಖ ನೋಡಿಕೊಂಡರು. ಗುಂಪು ಒಂದೊಂದೇ ಹೆಜ್ಜೆ ಹಿಂದೆ ಸರಿದು ಬಸ್ಸಿನ ಕಡೆ ನಡೆಯಿತು.

“ಹುಚ್ಚು ಹಿಡೀತಾ ನಿಮಗೆ?” ಅನಿಸೆತೊ ಅವಳೆದುರು ಬಂದು ನಿಂತ. “ಒಂಬತ್ತು ಮನೆ ಒಲೆ ಉರೀತಿರೋದು ಇದರಿಂದ. ನಿಮ್ಮದೂ ಸೇರಿ!”

“ಗೊತ್ತು. ಒಂದು ಸಲ ಕೇಳು. ಆಮೇಲೆ ನೀನು ಹೇಳಿದ ಹಾಗೆ.” ತಿಯೋಪಿಸ್ತಾ ಪಕ್ಕದಲ್ಲಿದ್ದ ಲುವಿಮಿಂದಾಳಿಂದ ಇಯರ್‌ಫೋನ್ ತೆಗೆದುಕೊಂಡು ಅವನತ್ತ ಚಾಚಿದಳು.

ಅವನು ಅದನ್ನು ನೋಡಿದ. ಕೈ ಅರ್ಧ ಎತ್ತಿದ.

“ಬೇಡ,” ಎಂದ. “ಕೇಳಿದ್ರೆ ನಾಳೆ ಗೇಟು ತೆಗೆಯೋಕಾಗಲ್ಲ ನನ್ನ ಕೈಲಿ.”

ರಸ್ತೆಯ ಕಡೆ ಇನ್ನೊಂದು ಬಸ್ಸಿನ ಹಾರನ್ನು ಕೇಳಿಸಿತು. ಅನಿಸೆತೊ ಅತ್ತ ಹೊರಟವನು ನಾಲ್ಕು ಹೆಜ್ಜೆಗೆ ನಿಂತ. ತಿರುಗಲೂ ಇಲ್ಲ, ಮುಂದೆ ಹೋಗಲೂ ಇಲ್ಲ.

ತಿಯೋಪಿಸ್ತಾ ತಾಯಿ-ಮರಿ ಇದ್ದ ಪೊದೆಗೆ ಅಡ್ಡವಾಗಿ ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ದಾರಿಗೆ ಮುಖಮಾಡಿ ಕೂತಳು. ಬೆನ್ನ ಹಿಂದೆ ಎಲೆ ಅಲುಗಿತು. ಅವಳು ತಿರುಗಿ ನೋಡಲಿಲ್ಲ.