ಮೊದಲ ಹಿಡಿ

ಬ್ಯಾಡಗಿ ಹಾದಿಯಲ್ಲಿದ್ದ ಬೆಳೆಗಾರರ ಸಂಘದ ಮೆಣಸಿನಕಾಯಿ ಅಂಗಳದಲ್ಲಿ ಒಂದು ಹಳೇ ಪದ್ಧತಿ. ಖರೀದಿದಾರ ರೈತನ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಕಾಯಿ ತೆಗೆಯುತ್ತಾನೆ, ಮುರಿಯುತ್ತಾನೆ, ಮೂಸುತ್ತಾನೆ, ಬಣ್ಣ ನೋಡುತ್ತಾನೆ. ನೋಡಿದ ಹಿಡಿಯನ್ನು ಮಾತ್ರ ಚೀಲಕ್ಕೆ ಹಿಂದಿರುಗಿಸುವುದಿಲ್ಲ, ತನ್ನ ಆಳಿನ ಬುಟ್ಟಿಗೆ ಹಾಕುತ್ತಾನೆ. ಹೀಗೆ ನೋಡುವವರು ಹತ್ತಾರು ಮಂದಿ. ಸಂಜೆಗೆ ಬಿತ್ತದೆ ಬೆಳೆಯದೆ ಅವರ ಮನೆಗೆ ಚೀಲಗಟ್ಟಲೆ ಕಾಯಿ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅನ್ನುವುದು ಇಂಥದಕ್ಕೇ.

ಕಾರ್ಯದರ್ಶಿಯಾಗಿ ಬಂದ ಕೌಸ್ತುಭ ಇದನ್ನು ನಿಲ್ಲಿಸಿದ. ಅವನನ್ನು ಕರೆತಂದವರು ಸಂಘದ ಅಧ್ಯಕ್ಷ ಅಣ್ಣಾಜಿ, ಹಾವೇರಿಯ ಕಾಲೇಜಿನಲ್ಲಿ ಅವನಿಗೆ ಇತಿಹಾಸ ಕಲಿಸಿದವರು. "ಅಂಗಳಾ ಸ್ವಚ್ಛ ಮಾಡು. ನಿನ್ನ ಬೆನ್ನಿಗೆ ನಾ ಅದೇನಿ" ಎಂದಿದ್ದರು. ಗುರುಗಳ ಮಾತನ್ನು ಕೌಸ್ತುಭ ನಂಬಿದ. ಅವನೊಬ್ಬನೇ ನಂಬಿದ್ದರೆ ಚಿಂತೆಯಿರಲಿಲ್ಲ, ಅವನನ್ನು ನಂಬಿ ಗುತ್ತಲದ ರೈತ ಹೆಂಗಸು ಗದಿಗೆವ್ವನೂ ನಿಂತಳು.

"ಸಾಹೇಬ್ರ, ನಾಳೆ ನಮ್ಮ ಕೈ ಬಿಡೂದಿಲ್ಲಲ್ರಿ?"

"ಇಲ್ಲವ್ವಾ. ನಾ ಇರೂತನಕಾ ನಿಮ್ಮ ಕಾಯಿ ಯಾರೂ ಒಯ್ಯೂದಿಲ್ಲ."

ಮರುದಿನವೇ ಆಕೆ, ದೊಡ್ಡ ಖರೀದಿದಾರ ಹೇಮಪ್ಪನ ಮಣಿಕಟ್ಟು ಹಿಡಿದು, ಕಾಯಿಯನ್ನು ಚೀಲಕ್ಕೇ ಹಾಕಿಸಿದಳು. ಅಂಗಳವೆಲ್ಲ ನೋಡಿತು.

ಖರೀದಿದಾರರು ಹರಾಜಿನಲ್ಲಿ ಸವಾಲು ಕೂಗುವುದನ್ನೇ ಬಿಟ್ಟರು. ಚೀಲಗಳು ಬಿದ್ದಲ್ಲೇ ಬಿದ್ದವು. ಮೋಡ ಕಟ್ಟಿತು; ತೇವ ಹಿಡಿದರೆ ಕಾಯಿ ಬಣ್ಣಗೆಡುತ್ತದೆ. ಹಮಾಲರ ಹಿರಿಯ ಗೂಡುಸಾಬ ಬಂದು, "ಸಾಹೇಬ್ರ, ನ್ಯಾಯ ನಿಮ್ಮ ಕಡೇನ ಐತಿ. ಆದ್ರ ನಮ್ಮ ಒಲಿ ಆರೈತಿ" ಎಂದ.

ಅಣ್ಣಾಜಿ ಕೌಸ್ತುಭನನ್ನು ರಾಣೆಬೆನ್ನೂರಿನ ತಮ್ಮ ಮನೆಗೆ ಕರೆಸಿದರು. ಅಲ್ಲಿ ಹೇಮಪ್ಪ ಆಗಲೇ ಕುಳಿತು ಚಹಾ ಕುಡಿಯುತ್ತಿದ್ದ.

"ಪದ್ಧತಿ ತಿರುಗಿ ಸುರು ಆಗ್ಲಿ" ಎಂದರು ಅಣ್ಣಾಜಿ. "ನಾ ಹೇಳಿ ಸುರು ಮಾಡಿಸಿದ್ರ ಸಂಘಾನ ಸೋತಂಗ ಆಗ್ತೈತಿ. ಮೊದಲನೇ ಹಿಡಿ ನೀನ ತಗೀಬೇಕು."

"ಗದಿಗೆವ್ವನ ಚೀಲದಾಗಿಂದ" ಎಂದ ಹೇಮಪ್ಪ. "ಇಲ್ಲಾಂದ್ರ ಯಾರ ಕಾಯೀನೂ ಎತ್ತೂದಿಲ್ಲ."

ಕೌಸ್ತುಭ ಗುರುಗಳನ್ನೇ ನೋಡಿದ. "ಸರ್, ಕ್ಲಾಸಿನ್ಯಾಗ ಜಪಾನಿನ ಒಬ್ಬ ಸಮುರಾಯಿ ಅಧಿಕಾರಿ ಕಥಿ ಹೇಳಿದ್ರಿ. ಧಣಿ ಮಾತು ನಂಬಿ ರಾಜ್ಯ ಸುಧಾರಿಸಾಕ ಹೋದಾಂವ. ದೊಡ್ಡ ಮಂದಿ ಸಿಟ್ಟಾದ್ರು ಅಂತ ಆ ಧಣೀನ ಅವಗ ಹೊಟ್ಟಿ ಸೀಳ್ಕೊ ಅಂದ. ಧಣಿ ಹಂಗ್ಯಾಕ ಮಾಡಿದ ಅಂತ ಅವತ್ತ ಕೇಳಿದ್ದೆ."

"ಧಣೀ ಗಾದಿ ಉಳೀಬೇಕಿತ್ತಪಾ" ಎಂದರು ಅಣ್ಣಾಜಿ, ಪರೀಕ್ಷೆಗೆ ಬರುವ ಪ್ರಶ್ನೆಗೆ ಉತ್ತರ ಹೇಳಿದಷ್ಟು ಸಲೀಸಾಗಿ.

ಆ ಅಧಿಕಾರಿ ಯಾಕೆ ಎದ್ದು ಹೋಗಲಿಲ್ಲ ಎಂಬುದು ಕೌಸ್ತುಭನಿಗೆ ಈಗ ತಿಳಿಯಿತು. ತಾನೀಗ ಎದ್ದು ಹೋದರೆ ಅಂಗಳದ ಕಾಯಿಯೆಲ್ಲ ಕೊಳೆಯುತ್ತದೆ, ಗದಿಗೆವ್ವನದೂ ಸೇರಿ. ನಾಚಿಕೆಯಿಂದ ಅವನ ಕಿವಿ ಸುಟ್ಟವು.

ಮರುದಿನ ಬೆಳಿಗ್ಗೆ ಅವನು ಅಂಗಳಕ್ಕೆ ಬರುವುದನ್ನು ಕಂಡ ಗದಿಗೆವ್ವನ ಮುಖ ಅರಳಿತು. ಸಿಹಿ ಸುದ್ದಿಯೆಂದೇ ತಿಳಿದು ತಾನೇ ಚೀಲದ ಬಾಯಿ ಬಿಚ್ಚಿದಳು. "ನೋಡ್ರಿ ಸಾಹೇಬ್ರ, ಇನ್ನೂ ಬಣ್ಣ ಗಟ್ಟಿ ಐತಿ."

ಅವನು ಕೈ ಹಾಕಿದ. ಒಂದು ಹಿಡಿ ತೆಗೆದು ಹೇಮಪ್ಪನ ಬುಟ್ಟಿಗೆ ಹಾಕಿದ. ಸಮುರಾಯಿಗಾದರೆ ಒಂದೇ ಸಲಕ್ಕೆ ಮುಗಿದುಹೋಯಿತು. ಇವನು ನಾಳೆಯೂ ಇದೇ ಅಂಗಳಕ್ಕೆ ಬರಬೇಕು.

ಗದಿಗೆವ್ವ ಬೈಯಲಿಲ್ಲ, ಅಳಲೂ ಇಲ್ಲ. ಹಿಂದೆ ಕಾದು ನಿಂತಿದ್ದ ಖರೀದಿದಾರರ ಕಡೆ ತಿರುಗಿದಳು.

"ಬರ್ರಿ, ನೀವೂ ತಗೋರಿ. ನಮ್ಮವರೇ ತಗೊಂಡ ಮ್ಯಾಲೆ ನಿಮಗೇನಂತ ಬೈಲಿ?" ಎಂದು ಚೀಲದ ಬಾಯನ್ನು ಇನ್ನಷ್ಟು ಅಗಲ ಮಾಡಿ ಹಿಡಿದಳು.