ಅಂಗಳದಲ್ಲಿ ಬರೆದ ಪಾದ

ಆಶಾರಾಣಿಯ ಎಡಗಾಲು ಮತ್ತೆ ಪಕ್ಕಕ್ಕೆ ಸರಿಯಿತು. ಬ್ಯಾಟು ಬರೀ ಗಾಳಿಯಲ್ಲಿ ತಿರುಗಿತು. ನಾನು ಪಕ್ಕದಿಂದ ಮೆಲ್ಲಗೆ ಎಸೆದ ಚೆಂಡು ತಂತಿಯ ಮೇಲೆ ಇಳಿಬಿಟ್ಟಿದ್ದ ಹಳೆ ಸೀರೆಗೆ ಬಡಿದು ಕೆಳಗೆ ಬಿತ್ತು.

"ಈ ಸಲಾನೂ ಕಾಲು ಆಚೆಗೆ ಓಯ್ತಾ ಅಮ್ಮ?"

"ಸ್ವಲ್ಪ ಕಮ್ಮಿ ಹೋಯ್ತು ಕಣೇ," ಎಂದೆ. ನಿಜಕ್ಕೂ ಜಾಸ್ತಿಯೇ ಹೋಗಿತ್ತು.

ನನ್ನ ಮಗಳು ಯಳಂದೂರಿನ ಶಾಲೆಯಲ್ಲಿ ಸಾಫ್ಟ್‌ಬಾಲ್ ಆಡುತ್ತಾಳೆ. ಬೇಸ್‌ಬಾಲಿನ ತಂಗಿಯಂಥ ಆಟ, ಚೆಂಡು ಮಾತ್ರ ದಪ್ಪ. ಹೆಸರಿಗೆ ಸಾಫ್ಟು, ಮುಟ್ಟಿದರೆ ಕಲ್ಲು. ಹೋದ ತಿಂಗಳು ಅದು ಅವಳ ದವಡೆಗೆ ಬಡಿಯಿತು. ಊತ ಇಳಿಯಿತು, ಆದರೆ ಬ್ಯಾಟು ಬೀಸುವಾಗ ಮುಂದಿನ ಕಾಲು ಚೆಂಡಿನ ಕಡೆಗೆ ಹೋಗದೆ ಆಚೆಗೆ ಜಾರತೊಡಗಿತು.

"ಕಾಲು ಮೊದ್ಲು ನೆಲ ಹಿಡೀಬೇಕು ರತ್ನಕ್ಕ. ಆಮ್ಯಾಕೆ ಸೊಂಟ ತಿರುಗ್ಬೇಕು, ಕೈ ಕಡೇಲಿ ಬರ್ಬೇಕು. ಕಾಲೇ ಓಡೋದ್ರೆ ಮಿಕ್ಕಿದ್ದೆಲ್ಲ ಅದರ ಇಂದೆ ಓಯ್ತದೆ," ಎಂದು ಪಿ.ಟಿ. ಮೇಷ್ಟ್ರು ಮಾದೇಶ್ ವಿವರಿಸಿದ್ದರು. ಶಾಲೆಯ ಮೈದಾನಕ್ಕೆ ಮಣ್ಣು ಹೊಡೆಸುತ್ತಿದ್ದರಿಂದ ಆಟ ನಿಂತಿತ್ತು. ಕಾಲಿಡಬೇಕಾದ ಜಾಗಕ್ಕೆ ಗುರುತು ಹಾಕಿ ಮನೆಯಲ್ಲೇ ಅಭ್ಯಾಸ ಮಾಡಿಸಿ ಎಂದಿದ್ದರು. ಶನಿವಾರ ಕೊಳ್ಳೇಗಾಲದಲ್ಲಿ ಜಿಲ್ಲಾ ತಂಡದ ಆಯ್ಕೆ. ಅಷ್ಟರೊಳಗೆ ಕಾಲು ನೆಟ್ಟಗಾಗದಿದ್ದರೆ ಅವಳನ್ನು ಆಯ್ಕೆಗೆ ಕರೆದೊಯ್ಯುವುದಿಲ್ಲ ಎಂದೂ ಹೇಳಿದ್ದರು.

"ಎದ್ರುಕೊಂಡಿರೋ ಮಗೂನ ಬಿರುಸು ಚೆಂಡಿನ ಮುಂದೆ ನಿಲ್ಸಕ್ಕಾಗಲ್ಲ."

ನ್ಯಾಯವಾದ ಮಾತು. ನನ್ನನ್ನು ಕಾಡುತ್ತಿದ್ದುದು ಬೇರೆ. ಅವಳು ಅಂಬೆಗಾಲಿಡುವಾಗಿನಿಂದ ನಾನು "ಹುಷಾರು" ಅನ್ನದ ದಿನವಿಲ್ಲ. ನನ್ನ ಹೆದರಿಕೆಯೇ ಅವಳ ಕಾಲಿಗೆ ಇಳಿಯಿತೇ ಎಂದು ಯೋಚಿಸುತ್ತಾ ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದ್ದೆ.

ಗುರುವಾರ ಸಂಜೆ ಮೇಷ್ಟ್ರು ಕೊಳ್ಳೇಗಾಲಕ್ಕೆ ಹೋಗುವ ದಾರಿಯಲ್ಲಿ ಮಾಂಬಳ್ಳಿಯ ನಮ್ಮ ಮನೆ ಮುಂದೆ ಬೈಕು ನಿಲ್ಲಿಸಿದರು. ನಮ್ಮತ್ತೆ ಚಿಕ್ಕನಿಂಗಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ಬಾ ಮೇಷ್ಟ್ರೇ. ನಮ್ ಮಗಿಗೆ ದೊಣ್ಣೆ ಕೊಟ್ಟು ಕುಣಿಯಾದ್ ಕಲ್ಸಿದ್ದೀಯಲ್ಲಾ, ಬಾ."

"ಕುಣಿತ ಅಲ್ಲ ಕಣಜ್ಜಿ, ಆಟ."

"ಆಟಾನೋ ಪಾಟಾನೋ. ನೆಟ್ಟಗೆ ನಿಂತ್ಕಂಡು ಒಡೆಯಕ್ಕೇನು ದಾಡಿ?"

ಆಶಾರಾಣಿ ಬೀಸಿದಳು. ಕಾಲು ಆಚೆಗೆ ಹೋಯಿತು. ಮತ್ತೆ ಬೀಸಿದಳು, ಮತ್ತೆ ಹಾಗೆಯೇ. ಮೇಷ್ಟ್ರ ಮುಖ ಸಪ್ಪಗಾಯಿತು. ಅವರು ಏನು ಹೇಳಲಿದ್ದಾರೆಂದು ನನಗೆ ಗೊತ್ತಿತ್ತು. ಮಗಳಿಗೂ ಗೊತ್ತಿತ್ತು.

"ಕೊಡು ಇಲ್ಲಿ. ಇನ್ನೊಂದ್ಸಲ ನೋಡ್ಕೋ," ಎಂದು ಮೇಷ್ಟ್ರು ಬ್ಯಾಟು ತೆಗೆದುಕೊಂಡರು. ಹಿಂಗಾಲಿನ ಮೇಲೆ ಭಾರ ಹಾಕಿ ನಿಂತರು. ನಾನು ಚೆಂಡು ಎಸೆದೆ. ಅವರು ಮುಂಗಾಲು ಎತ್ತಿದರು.

ಕಾಲು ಗೇಣುದ್ದ ಆಚೆಗೆ ಬಿತ್ತು.

ಅವರಿಗದು ತಿಳಿಯಲೇ ಇಲ್ಲ. "ಯಾಕೋ ಕೈ ಸರಿ ಬರ್ಲಿಲ್ಲ," ಎಂದು ಇನ್ನೊಮ್ಮೆ ನಿಂತರು. ಮತ್ತೆ ಅಷ್ಟೇ ಆಚೆಗೆ.

ನಾನು ನೆಲ ನೋಡಿದೆ. ಮೇಷ್ಟ್ರು ಹೇಳಿದ್ದು ಬರೀ ಗುರುತು. ನಾನು ದಿನಾ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಬಿಟ್ಟು, ಉಳಿದ ಪುಡಿಯಲ್ಲಿ ಅಲ್ಲೊಂದು ಪಾದ ಬರೆಯುತ್ತಿದ್ದೆ. ಹಬ್ಬದಲ್ಲಿ ಲಕ್ಷ್ಮಿಯನ್ನು ಒಳಗೆ ಕರೆಯಲು ಹೊಸಿಲಿನಿಂದ ದೇವರ ಕೋಣೆವರೆಗೆ ಬರೆಯುತ್ತೇವಲ್ಲ, ಅದೇ ಪಾದ. ಐದು ಬೆರಳು, ದುಂಡು ಹಿಮ್ಮಡಿ, ನಡುವೆ ಒಂದು ಚಿಟಿಕೆ ಅರಿಸಿನ ಬೇರೆ.

"ಸಾ, ಸ್ವಲ್ಪ ತಾಳಿ," ಎಂದೆ. "ಅದನ್ನ ತುಳೀರಿ ನೋಡೋಣ."

"ಯಾವ್ದ?"

"ಆ ಪಾದಾನ."

ಮೇಷ್ಟ್ರು ಕಾಲೆತ್ತಿದವರು ಹಾಗೇ ನಿಂತರು. ಕೆಳಗೆ ನೋಡಿದರು. ನನ್ನ ಮುಖ ನೋಡಿದರು. ಕಾಲನ್ನು ಮೆಲ್ಲಗೆ ವಾಪಸ್ಸು ತೆಗೆದುಕೊಂಡರು.

ಅತ್ತೆ ಅವರೆಕಾಯಿ ಮೊರ ಪಕ್ಕಕ್ಕಿಟ್ಟು ನಕ್ಕರು. "ಅಯ್ಯೋ ನಿನ್ನ! ಲಕ್ಸ್ಮಿ ಪಾದ ಬರ್ದು ಮಗೀನ ತುಳಿ ಅಂದ್ರೆ ಎಂಗವ್ವ ತುಳಿದಾತು? ಓದಿದೋಳಂತೆ, ಓದಿದೋಳು!"

"ನಾನೇನೂ ಬೇಕಂತ ಮಾಡ್ಲಿಲ್ಲ ಅಮ್ಮ," ಎಂದಳು ಆಶಾರಾಣಿ ಗಾಬರಿಯಿಂದ. "ಕಾಲು ತಾನೇ ಓಯ್ತು."

"ಗೊತ್ತು ಕಣೇ, ಗೊತ್ತು." ಮೈದಾನದಲ್ಲಿ ಸರಿದದ್ದು ಚೆಂಡಿನ ಹೆದರಿಕೆಗಿರಬಹುದು, ಅಂಗಳದಲ್ಲಿ ಮಾತ್ರ ಈ ಪಾದಕ್ಕೆ. ನಾನು ಒದ್ದೆ ಕೈಯಲ್ಲಿ ಪಾದ ಒರೆಸಿದೆ. ಹರಿದ ಗೋಣಿಚೀಲದ ತುಂಡು ತಂದು ಅದೇ ಜಾಗಕ್ಕೆ ಹಾಸಿದೆ. ಈ ಸಲ ಮೇಷ್ಟ್ರೇ ಚೆಂಡು ಹಿಡಿದರು. ಪಕ್ಕದಿಂದಲ್ಲ, ಎದುರಿನಿಂದ, ಜೋರಾಗಿ ಎಸೆದರು. ನಾನು ಕಣ್ಣು ಮುಚ್ಚಬೇಕೆಂದಿದ್ದೆ, ಮುಚ್ಚಲಿಲ್ಲ.

ಕಾಲು ಗೋಣಿಯ ಮೇಲೆ ಧಪ್ಪನೆ ಇಳಿಯಿತು. ಸೊಂಟ ತಿರುಗಿತು. ಚೆಂಡು ಮೇಷ್ಟ್ರ ತಲೆ ಮೇಲಿಂದ ಹಾದು ಪಕ್ಕದ ಮನೆಯ ಹುಲ್ಲಿನ ಮೆದೆಗೆ ಹೋಗಿ ಸಿಕ್ಕಿಕೊಂಡಿತು.

"ಲೇ!" ಎಂದು ಬಗ್ಗಿದ್ದ ಮೇಷ್ಟ್ರು ಕೂಗಿದರು. "ಎದರಿಕೆ ಅಂತೆ, ಎದರಿಕೆ! ನನ್ ತಲೇನೇ ತೆಗೀತಿದ್ದೆಯಲ್ಲೇ!"

ನಾನು ಜಗುಲಿಯ ಮೇಲೆ ಕುಳಿತುಬಿಟ್ಟೆ.

ಶನಿವಾರ ಕೊಳ್ಳೇಗಾಲದ ಮೈದಾನದಲ್ಲಿ ಹನೂರಿನ ಹುಡುಗಿಯೊಬ್ಬಳು ಚೆಂಡು ಎಸೆಯುತ್ತಿದ್ದಳು. ಅವಳ ತೋಳು ತಿರುಗಿದ್ದಷ್ಟೇ ಕಾಣುತ್ತಿತ್ತು, ಚೆಂಡು ಕಾಣುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ನಾನು ಹೆದರಿದ್ದು ನೆಲ ನೋಡಿ. ಹೊಡೆಯುವವರು ನಿಲ್ಲುವ ಜಾಗದ ಸುತ್ತ ಬಿಳಿ ಸುಣ್ಣದ ಗೆರೆ ಎಳೆದಿದ್ದರು, ನೆಟ್ಟಗೆ, ಅಚ್ಚುಕಟ್ಟಾಗಿ, ರಂಗೋಲಿಯ ಹಾಗೆ.

ಆಶಾರಾಣಿ ಗೆರೆಯ ಹತ್ತಿರ ನಿಂತಳು. ಅದನ್ನು ನೋಡಿದಳು. ಆಮೇಲೆ ಬೇಲಿಯಾಚೆ ನಿಂತಿದ್ದ ನನ್ನನ್ನು ಹುಡುಕಿ ನೋಡಿ, ಹಲ್ಲು ಬಿಟ್ಟು ನಕ್ಕು, ಶೂ ತುದಿಯಲ್ಲಿ ಆ ಸುಣ್ಣವನ್ನು ಉಜ್ಜಿ ಮಣ್ಣಿಗೆ ಸೇರಿಸಿದಳು.

ಹನೂರಿನ ಹುಡುಗಿಯ ತೋಳು ತಿರುಗಿತು. ನಾನು ಚೆಂಡು ನೋಡಲಿಲ್ಲ, ಮಗಳ ಎಡಗಾಲನ್ನೇ ನೋಡುತ್ತಿದ್ದೆ. ಅದು ಎದ್ದಿತು, ನೇರ ಮುಂದಕ್ಕೆ ಹೋಗಿ ನೆಲ ಹಿಡಿಯಿತು.

ಚೆಂಡು ಬ್ಯಾಟಿಗೆ ಬಡಿದು ಟಣ್ ಎಂದ ಸದ್ದು ಆಮೇಲೆ ಕೇಳಿಸಿತು. ಚೆಂಡು ಎಲ್ಲಿಗೆ ಹೋಯಿತೆಂದು ಪಕ್ಕದಲ್ಲಿದ್ದವರನ್ನು ಕೇಳಬೇಕಾಯಿತು.