ಎತ್ತಿ ಕುಡಿಯುವ ತೀರ್ಪುಗಾರ

ಗ್ಲೆನ್ ವೇವರ್ಲಿಯ ನಮ್ಮ ಕನ್ನಡದವರ ವೈನ್ ಕೂಟಕ್ಕೆ ನಿವೃತ್ತ ಡಾಕ್ಟರ್ ಚಕ್ರಪಾಣಿಯವರೇ ತೀರ್ಪುಗಾರರು. ಎಂಜಲಾಗಬಾರದೆಂದು ಗ್ಲಾಸನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತಾರೆ. ಮೂಗಿನ ಹತ್ತಿರವೂ ತರುವುದಿಲ್ಲ. ಆದರೂ ಚೆರಿಯ ಪರಿಮಳ, ಓಕ್ ಪೀಪಾಯಿಯ ವಾಸನೆ ಎಂದೆಲ್ಲ ಬಡಬಡಿಸುತ್ತಾರೆ. ನನಗೆ ಮೊದಲಿನಿಂದಲೂ ಅನುಮಾನ.

ಈ ಶನಿವಾರ ಕೂಟ ನಮ್ಮ ಮನೆಯಲ್ಲಿತ್ತು. ಬೇಕೆಂದೇ ಅವರೊಬ್ಬರ ಗ್ಲಾಸಿಗೆ ಕೆಂಪು ಪುನರ್ಪುಳಿ ಶರಬತ್ತು ಸುರಿದೆ.

ಅವರು ಎತ್ತಿ ಕುಡಿದು ಕಣ್ಣು ಮುಚ್ಚಿದರು. "ಹನ್ನೆರಡು ವರ್ಷದ ಶಿರಾಜ್ ವೈನು! ಇಪ್ಪತ್ತಕ್ಕೆ ಇಪ್ಪತ್ತು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಸಿಕ್ಕಿಬಿದ್ದರು ಎಂದುಕೊಂಡು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ನನ್ನ ಕಿವಿಯ ಬಳಿ ಬಗ್ಗಿದರು.

"ಪುನರ್ಪುಳಿ ಇನ್ನೊಂದ್ ಲೋಟ ಇದ್ಯೇನಮ್ಮಾ? ಈ ವೈನು ನಂಗೆ ಯಾವತ್ತೂ ಸೇರಲ್ಲ."